ಕ್ಯಾಪ್ಟನ್ ಕರ್ಕ್ ಅಂಗಿಗೆ ಯಾವ ಹಳದಿ ಬಟ್ಟೆ ಕೊಳ್ಳಬೇಕು? ಜಿಪ್ ಬೆನ್ನಿಗೆ ಇಡಬಹುದೇ?

ಮೂಲ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಅಂಗಿಯನ್ನು ಮನೆಯಲ್ಲೇ ಹೊಲಿಯಬೇಕೆಂದಿದ್ದೀರಿ. ಹಳದಿ ವೆಲ್ವೆಟ್ ಒಳ್ಳೆಯದೋ, ಟೀ ಶರ್ಟಿನ ಹಳದಿ ಬಟ್ಟೆಯೇ ಸಾಕೋ, ಸುಲಭವೆಂದು ಜಿಪ್ ಬೆನ್ನಿಗೆ ಇಟ್ಟರೆ ನಡೆದೀತೋ ಎಂದು ಕೇಳಿದ್ದೀರಿ. ಹಳದಿಯನ್ನು ಕೊಳ್ಳಬೇಡಿ. ಜಿಪ್ಪನ್ನು ಬೆನ್ನಿಗೂ ಇಡಬೇಡಿ. ಇದೇ ಅಂಗಿಯ ಬೆನ್ನು ಹತ್ತಿ ಕೈ ಸುಟ್ಟುಕೊಂಡವನಾದ್ದರಿಂದ ಇಷ್ಟು ಖಂಡಿತವಾಗಿ ಹೇಳುತ್ತಿದ್ದೇನೆ.

ಆ ಅಂಗಿ ಹಳದಿಯೇ ಅಲ್ಲ. ಅದನ್ನು ವಿನ್ಯಾಸ ಮಾಡಿದವರು ವಿಲಿಯಂ ವೇರ್ ಥೈಸ್. 1966ರ ಸೆಪ್ಟೆಂಬರಿನಲ್ಲಿ ಆರಂಭವಾಗಿ 1969ರಲ್ಲಿ ನಿಂತ ಆ ಧಾರಾವಾಹಿಯ ಮೊದಲ ಎರಡು ಸೀಸನ್‌ಗಳಲ್ಲಿ ನಟರು ತೊಟ್ಟಿದ್ದು ವೆಲೂರ್, ಅಂದರೆ ಹೆಣೆದ ಬಟ್ಟೆಯ ಮೇಲೆ ಮಖಮಲ್ಲಿನಂತೆ ರೋಮವಿರುವ, ಎಳೆದರೆ ಹಿಗ್ಗುವ ಬಟ್ಟೆ. ಕರ್ಕ್ ಪಾತ್ರದ ಅಂಗಿಗೆ ಆರಿಸಿದ್ದು ಹಳದಿಯ ಛಾಯೆಯುಳ್ಳ ಹಸಿರು. ಸ್ಟುಡಿಯೋದ ಪ್ರಖರ ದೀಪಗಳಲ್ಲಿ, ಅಂದಿನ ಫಿಲ್ಮಿನಲ್ಲಿ ಅದು ಹೊನ್ನಿನ ಬಣ್ಣಕ್ಕೆ ತಿರುಗಿತು. ಕೆಲವು ಕಂತುಗಳಲ್ಲಿ ಕರ್ಕ್ ತೊಡುವ, ಮುಂದೆ ಅಡ್ಡಲಾಗಿ ಸುತ್ತಿಕೊಳ್ಳುವ ಇನ್ನೊಂದು ಅಂಗಿ ಪರದೆಯ ಮೇಲೂ ಹಸಿರಾಗಿಯೇ ಕಾಣುವುದಕ್ಕೆ ಅದರ ಬಟ್ಟೆ ಬೇರೆಯಾಗಿದ್ದುದೇ ಕಾರಣ. ಟೀವಿಯಲ್ಲಿ ಕಂಡ ಬಣ್ಣವನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಅಂಗಡಿಯ ಥಾನುಗಳೊಂದಿಗೆ ಹೋಲಿಸಿ ತಂದರೆ ನಿಮಗೆ ಸಿಗುವುದು ಅರಿಶಿನದ ಬಣ್ಣವೇ ಹೊರತು ಕರ್ಕ್‌ನ ಬಣ್ಣವಲ್ಲ.

ಇಷ್ಟನ್ನು ನಾನು ಮೊದಲೇ ತಿಳಿದುಕೊಂಡಿದ್ದೆ, ಹಾಗಾಗಿ ಚಿಕ್ಕಪೇಟೆಯಲ್ಲಿ ಹುಡುಕಿ ಸರಿಯಾದ ಹಸಿರು ವೆಲೂರನ್ನೇ ತಂದೆ. ಎಡವಿದ್ದು ಕತ್ತರಿ ಹಿಡಿದಾಗ. ಈ ಅಂಗಿಯ ತೋಳು ರಾಗ್ಲಾನ್ ತೋಳು. ಸಾಮಾನ್ಯ ಅಂಗಿಯಂತೆ ಭುಜದ ತುದಿಯಲ್ಲಿ ಕೂಡದೆ, ಕಂಕುಳಿನಿಂದ ಓರೆಯಾಗಿ ಕುತ್ತಿಗೆಯವರೆಗೂ ಹೋಗುತ್ತದೆ. ತುಂಡು ಉದ್ದವಾದ್ದರಿಂದ ಬಟ್ಟೆ ಹೆಚ್ಚು ಬೇಕು. ಅರ್ಧ ಮೀಟರ್ ಉಳಿಯಲೆಂದು ನಾನು ಬಟ್ಟೆಯನ್ನು ಉದ್ದಕ್ಕೆ ಮಡಿಸುವ ಬದಲು ಅಡ್ಡಕ್ಕೆ ಮಡಿಸಿ, ಎರಡೂ ತೋಳುಗಳನ್ನು ಒಟ್ಟಿಗೆ ಕತ್ತರಿಸಿದೆ. ಹತ್ತಿ ಬಟ್ಟೆಯಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಡ್ಡ ಮಡಿಕೆಯಲ್ಲಿ ಕೆಳಗಿನ ಪದರ ತಲೆಕೆಳಗಾಗಿರುತ್ತದೆ. ಎರಡೂ ತುಂಡುಗಳ ಕುತ್ತಿಗೆಯ ಭಾಗ ಮಡಿಕೆಯ ಕಡೆಗಿದ್ದರೆ, ಬಟ್ಟೆಯನ್ನು ಬಿಡಿಸಿ ಹಾಸಿದಾಗ ಅವು ತಲೆಗೆ ತಲೆ ಕೊಟ್ಟು ಮಲಗಿದಂತಿರುತ್ತವೆ. ಹೀಗಾಗಿ ಒಂದು ತೋಳಿನ ರೋಮ ಭುಜದಿಂದ ಮಣಿಕಟ್ಟಿನ ಕಡೆಗೆ ಮಲಗಿತ್ತು, ಇನ್ನೊಂದರದು ಮಣಿಕಟ್ಟಿನಿಂದ ಭುಜದ ಕಡೆಗೆ.

ಮನೆಯ ಟ್ಯೂಬ್‌ಲೈಟಿನಲ್ಲಿ ಏನೂ ಕಾಣಲಿಲ್ಲ, ಅದೇ ಮೋಸ. ಜಿಪ್, ಕಾಲರ್, ಪಟ್ಟಿ ಎಲ್ಲವನ್ನೂ ಮುಗಿಸಿ, ತೊಟ್ಟು, ಬಿಸಿಲಿನಲ್ಲಿ ಫೋಟೋ ತೆಗೆಸಿಕೊಂಡ ಮೇಲೆ ನೋಡಿದರೆ ಬಲತೋಳು ಹೊನ್ನಿನಂತೆ ಹೊಳೆಯುತ್ತಿದೆ, ಎಡತೋಳು ಪಾಚಿಯ ಹಸಿರು. ರೋಮ ಕೆಳಮುಖವಾಗಿ ಮಲಗಿದ್ದರೆ ಬೆಳಕು ಅದರ ಮೈಮೇಲೆ ಜಾರಿ ಕಣ್ಣಿಗೆ ಬಂದು ಬಣ್ಣ ತಿಳಿಯಾಗುತ್ತದೆ. ಮೇಲ್ಮುಖವಾಗಿದ್ದರೆ ಬೆಳಕು ರೋಮದ ಬುಡಕ್ಕಿಳಿದು ಬಣ್ಣ ಗಾಢವಾಗುತ್ತದೆ. ತೋಳುಗಳನ್ನು ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಆಗಲೂ ಒಂದರ ರೋಮ ಕೆಳಮುಖವಾಗಿ, ಇನ್ನೊಂದರದು ಮೇಲ್ಮುಖವಾಗಿಯೇ ಇರುತ್ತದೆ. ಮತ್ತೆ ಅಂಗಡಿಗೆ ಹೋದಾಗ ಆ ಥಾನು ಮುಗಿದಿತ್ತು. ಹೊಸ ಥಾನಿನ ಹಸಿರು ಒಂದು ಕೂದಲೆಳೆಯಷ್ಟು ಬೇರೆ, ವೆಲೂರಿನಲ್ಲಿ ಅಷ್ಟು ಸಾಕು. ಒಂದು ತೋಳಿಗಾಗಿ ಇಡೀ ಅಂಗಿಯ ಬಟ್ಟೆಯನ್ನು ಹೊಸದಾಗಿ ಕೊಂಡು ಮೊದಲಿನಿಂದ ಹೊಲಿದೆ. ಉಳಿಸಲು ಹೊರಟಿದ್ದು ಅರ್ಧ ಮೀಟರ್.

ಆದ್ದರಿಂದ ಕತ್ತರಿಸುವ ಮುನ್ನ ಬಟ್ಟೆಯನ್ನು ಒಮ್ಮೆ ತೊಳೆದು ಒಣಗಿಸಿ; ವೆಲೂರ್ ಕುಗ್ಗುತ್ತದೆ, ಆ ನಟರ ಅಂಗಿಗಳೂ ಶುಚಿ ಮಾಡಿದಂತೆಲ್ಲ ಕುಗ್ಗಿ ತೊಂದರೆ ಕೊಟ್ಟಿದ್ದವು. ಅನಂತರ ಬೆಕ್ಕಿನ ಬೆನ್ನು ಸವರುವಂತೆ ಅಂಗೈಯಿಂದ ಸವರಿ ನೋಡಿ. ನಯವಾಗಿ ಜಾರುವ ದಿಕ್ಕನ್ನು ಬಟ್ಟೆಯ ಹಿಂಬದಿಯಲ್ಲಿ ಸೀಮೆಸುಣ್ಣದ ಬಾಣಗಳಿಂದ ಗುರುತಿಸಿ, ಬಟ್ಟೆಯನ್ನು ಮಡಿಸದೆ ಒಂದೇ ಪದರದಲ್ಲಿ ಹಾಸಿ, ಪ್ರತಿ ತುಂಡನ್ನೂ ಬಾಣ ಕೆಳಮುಖವಾಗಿರುವಂತೆ ಬೇರೆ ಬೇರೆಯಾಗಿ ಕತ್ತರಿಸಿ. ಎರಡನೆಯ ತೋಳಿಗೆ ಕಾಗದದ ಮಾದರಿಯನ್ನು ಮಗುಚಿ ಇಡುವುದನ್ನು ಮರೆತರೆ ಎರಡು ಎಡತೋಳುಗಳಾಗುತ್ತವೆ.

ಇನ್ನು ಜಿಪ್. ಅಗ್ಗದ ಸಿದ್ಧ ಉಡುಪುಗಳಲ್ಲಿ ಅದು ಬೆನ್ನಿನ ನಡುವೆ ಇರುತ್ತದೆ, ತಿರುಗಿ ನಿಂತ ಕೂಡಲೇ ಗುಟ್ಟು ರಟ್ಟಾಗುತ್ತದೆ. ಮೂಲ ಅಂಗಿಯ ಜಾಣತನವಿರುವುದು ಮುಂಭಾಗದ ರಾಗ್ಲಾನ್ ಹೊಲಿಗೆಯಲ್ಲಿಯೇ ಜಿಪ್ಪನ್ನು ಅಡಗಿಸಿರುವುದರಲ್ಲಿ. ಗುಂಡಿಯಾಗಲಿ ಸೀಳಾಗಲಿ ಕಾಣದ ಅಂಗಿಯನ್ನು ಇವರು ಹೇಗೆ ತೊಡುತ್ತಾರೆಂಬ ಪ್ರಶ್ನೆ ನೋಡುವವರಿಗೆ ಹಾಗೆಯೇ ಉಳಿಯುತ್ತದೆ. ಆದರೆ ಆ ಹೊಲಿಗೆ ಓರೆಯಾದದ್ದು, ಬಟ್ಟೆ ಹಿಗ್ಗುವಂಥದ್ದು, ಜಿಪ್ಪಿನ ಪಟ್ಟಿ ಮಾತ್ರ ಹಿಗ್ಗದು. ನೇರವಾಗಿ ಹೊಲಿದರೆ ಎದೆಯ ಮೇಲೆ ಅಲೆಗಳೇಳುತ್ತವೆ. ಹೊಲಿಗೆಯ ಎರಡೂ ಅಂಚುಗಳ ಹಿಂಬದಿಗೆ ತೆಳುವಾದ, ಹಿಗ್ಗದ ಪಟ್ಟಿಯೊಂದನ್ನು ಮೊದಲು ಕೂರಿಸಿ. ಇಸ್ತ್ರಿಯಿಂದ ಅಂಟಿಸುವ ಪಟ್ಟಿಯಾದರೆ ಕೆಳಗೆ ದಪ್ಪ ಟವೆಲ್ ಹಾಸಿ, ರೋಮವನ್ನು ಕೆಳಗೆ ಮಾಡಿ ಹಗುರವಾಗಿ ಒತ್ತಿ. ಬಳಿಕ ಹಲ್ಲುಗಳು ಹೊರಗೆ ಕಾಣದಂಥ ಜಿಪ್ಪನ್ನು (ಇನ್‌ವಿಸಿಬಲ್ ಜಿಪ್) ಕೈಯಿಂದ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ, ಆಮೇಲೆ ಯಂತ್ರಕ್ಕೆ ಕೊಡಿ. ಗುಂಡುಪಿನ್ನು ಸಾಲದು, ರೋಮಕ್ಕೆ ರೋಮ ಎದುರಾದಾಗ ಮೇಲಿನ ಪದರ ತೆವಳಿ ಮುಂದೆ ಹೋಗುತ್ತದೆ. ಸೂಜಿ ಬಾಲ್ ಪಾಯಿಂಟ್, ಅಂದರೆ ತುದಿ ದುಂಡಗಿರುವಂಥದ್ದು, ಆಗಿರಲಿ, ಉಳಿದ ಹೊಲಿಗೆಗಳು ಸಣ್ಣ ಜಿಗ್‌ಜಾಗ್ ಆಗಿರಲಿ.

ಕಪ್ಪು ಕಾಲರಿಗೆ ಗೆರೆಗೆರೆಯ ರಿಬ್ ಬಟ್ಟೆಯನ್ನು ಕುತ್ತಿಗೆಯ ಸುತ್ತಳತೆಗಿಂತ ನೂರಕ್ಕೆ ಹತ್ತರಷ್ಟು ಚಿಕ್ಕದಾಗಿ ಕತ್ತರಿಸಿ, ಸ್ವಲ್ಪ ಎಳೆದು ಕೂಡಿಸಿದರೆ ಅದು ಜೋಲದೆ ನಿಲ್ಲುತ್ತದೆ. ಜಿಪ್ ಇರುವ ಜಾಗದಲ್ಲಿ ಕಾಲರೂ ಬಿಚ್ಚಿಕೊಳ್ಳುವಂತಿರಲಿ, ಇಲ್ಲವಾದರೆ ತಲೆ ತೂರದು. ತೋಳಿನ ಚಿನ್ನದ ಪಟ್ಟಿಗಳನ್ನು, ಅಂದರೆ ಎರಡು ಪೂರ್ಣ ಗೆರೆಗಳು ಮತ್ತು ಅವುಗಳ ನಡುವಿನ ತುಂಡುತುಂಡಾದ ಗೆರೆಯನ್ನು, ತೋಳಿನ ಕೆಳಹೊಲಿಗೆ ಮುಚ್ಚುವ ಮೊದಲೇ ಬಟ್ಟೆ ಚಪ್ಪಟೆಯಾಗಿರುವಾಗ ಕೈಯಿಂದ ಹೊಲಿಯಿರಿ. ಎಡ ಎದೆಯ ಲಾಂಛನವನ್ನು ಅಂಗಿ ತೊಟ್ಟು, ಕನ್ನಡಿಯ ಮುಂದೆ ಗುರುತು ಹಾಕಿ, ಕೊನೆಗೆ ಕೂರಿಸಿ.

ಟೀ ಶರ್ಟಿನ ಬಟ್ಟೆ ಬೇಡ. ಅದು ತೆಳ್ಳಗೆ ಮೈಗಂಟಿ ಜಿಪ್ಪಿನ ಭಾರಕ್ಕೆ ಜೋತುಬೀಳುತ್ತದೆ. ವೆಲೂರಿನ ಗೋಜೇ ಬೇಡವೆನಿಸಿದರೆ ಮೂರನೆಯ ಸೀಸನ್ನಿನ ಅಂಗಿಯನ್ನು ಹೊಲಿಯಿರಿ. ಆ ವೇಳೆಗೆ ಧಾರಾವಾಹಿಯವರೇ ವೆಲೂರನ್ನು ಬಿಟ್ಟು ಡಬಲ್ ನಿಟ್, ಅಂದರೆ ಎರಡು ಪದರವಾಗಿ ಹೆಣೆದ ದಪ್ಪನೆಯ ಬಟ್ಟೆಗೆ ಬದಲಾಗಿದ್ದರು. ಅದಕ್ಕೆ ರೋಮವಿಲ್ಲ, ಆದ್ದರಿಂದ ಬಟ್ಟೆಯನ್ನು ಉದ್ದಕ್ಕಾಗಲಿ ಅಡ್ಡಕ್ಕಾಗಲಿ ಮಡಿಸಿ ಕತ್ತರಿಸಬಹುದು.