ಒಂದೇ ಕಾದಂಬರಿಗೆ ಐದು ನಕ್ಷತ್ರವೂ ಒಂದು ನಕ್ಷತ್ರವೂ ಏಕೆ?

ತೋಳಮಾನವರಾದ ಇಬ್ಬರು ಗಂಡಸರ ಈ ಪ್ರೇಮಕಥೆಯನ್ನು ಕೆಲವರು ಹಾಡಿ ಹೊಗಳಿದ್ದಾರೆ, ಕೆಲವರು ಅರ್ಧಕ್ಕೇ ಮುಚ್ಚಿಟ್ಟಿದ್ದಾರೆ, ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ಇಬ್ಬರನ್ನೂ ನಂಬಿ. ಜಗಳವೆಲ್ಲ 'ವಿಧಿ ಬೆಸೆದ ಜೋಡಿ' ಎಂಬ ಈ ಪ್ರಕಾರದ ಹಳೆಯ ಸೂತ್ರದ ಸುತ್ತ. ಮೈವಾಸನೆ ಮೂಗಿಗೆ ಬಡಿದ ಕ್ಷಣವೇ 'ಇವನು ನನ್ನವನು' ಎಂದು ಒಳಗಿನ ತೋಳ ಗುರುಗುಟ್ಟುತ್ತದೆ. ಮನಸ್ಸನ್ನು ಬಚ್ಚಿಟ್ಟುಕೊಂಡೇ ಬದುಕಿದ ಓದುಗನಿಗೆ ಅಂಥ ಅನುಮಾನವಿಲ್ಲದ ಪ್ರೀತಿ ಸಣ್ಣ ಸುಖವಲ್ಲ. ಇನ್ನು ಕೆಲವರು, ಒಪ್ಪಿಗೆ ಎಲ್ಲಿ ಹೋಯಿತು ಎನ್ನುತ್ತಾರೆ. ನಾನು ಈ ಎರಡನೆಯ ಗುಂಪಿನವನು. ಮೂಗು ಒಪ್ಪಿದರೆ ಸಾಲದು, ಬಾಯಿಯೂ ಒಪ್ಪಬೇಕು.

'ಆಲ್ಫಾ', ಅಂದರೆ ಹಿಂಡನ್ನು ಆಳುವ ನಾಯಕನ ದರ್ಪಕ್ಕೆ ಸಿಡುಕುವವರ ಮಾತಿನಲ್ಲೂ ಹುರುಳಿದೆ. ಆ ಕಲ್ಪನೆಯ ಬೇರು, ಬಂಧನದಲ್ಲಿದ್ದ ತೋಳಗಳನ್ನು ನೋಡಿ ಪ್ರಾಣಿಶಾಸ್ತ್ರಜ್ಞ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಕಾಡಿನ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲೇ ಬರೆದರು. (ಕಥೆಯ ತೋಳ ಪ್ರಬಂಧ ಓದಬೇಕಿಲ್ಲ, ಬಿಡಿ.)

ನೀವು ಒಂದು ನಕ್ಷತ್ರದ ವಿಮರ್ಶೆಗಳನ್ನೇ ಮೊದಲು ಓದಿ. 'ಮೂರನೆಯ ಪುಟಕ್ಕೇ ಪ್ರೀತಿಸಿಬಿಟ್ಟರು' ಎಂಬ ದೂರು ನಿಮಗೆ ಆಮಂತ್ರಣದಂತೆ ಕೇಳಿಸಿದರೆ ಧೈರ್ಯವಾಗಿ ಕೈಗೆತ್ತಿಕೊಳ್ಳಿ.