ಲೀಡ್ಸಿಗೆ ಹೊಸದಾಗಿ ಬಂದ ತಂಗಿಗೆ: ಶುಗರ್ ಇದೆ ಅಂತ ವಸಂತವನ್ನು ಬಿಡಬೇಡ

ಅಕ್ಕಾ ಅಂತ ಕರೆದು ಕೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಜನವರಿಯಲ್ಲಿ ದಾವಣಗೆರೆಯಿಂದ ಇಂಗ್ಲೆಂಡಿನ ಲೀಡ್ಸಿಗೆ ಬಂದೆ, ಬಂದಾಗಿನಿಂದ ಬರೀ ಕತ್ತಲು, ಚಳಿ, ಮನೆಯೊಳಗೇ ಕೂತು ಅನ್ನ, ಬ್ರೆಡ್ಡು ಜಾಸ್ತಿಯಾಯಿತು, ಇಲ್ಲಿನ ಮೊದಲ ರಕ್ತ ಪರೀಕ್ಷೆಯಲ್ಲಿ 62 ಅಂತ ಬಂದಿದ್ದು ನೋಡಿ ಗಾಬರಿಯಾಯಿತು ಅಂತ ಬರೆದಿದ್ದೀಯ. ಈಗ ಹೂವು ಬಿಡುತ್ತಿದೆ, ಇಲ್ಲಿನ ತರಕಾರಿ ಹಣ್ಣು ಏನು ತಿನ್ನಲಿ, ಒಬ್ಬಳೇ ನಡೆಯಲು ಹೋದಾಗ ಶುಗರ್ ಇಳಿದರೆ ಏನು ಮಾಡಲಿ, ಹಿತ್ತಲಲ್ಲಿ ನಾಲ್ಕು ಗಿಡ ಹಾಕಬಹುದಾ ಅಂತಲೂ ಕೇಳಿದ್ದೀಯ. ಎಲ್ಲಕ್ಕೂ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಆ 62. ಅದು ಊರಿನ ಅಳತೆಯಲ್ಲ. ಎಚ್‌ಬಿಎ1ಸಿ ಅನ್ನುವ, ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಪರೀಕ್ಷೆಯನ್ನು ಊರಲ್ಲಿ ಶೇಕಡಾ ಲೆಕ್ಕದಲ್ಲಿ ಕೊಡುತ್ತಾರೆ, ಇಲ್ಲಿ ಬೇರೆ. ಇಲ್ಲಿನ 48 ಅಂದರೆ ನಮ್ಮ 6.5, 53 ಅಂದರೆ 7, ನಿನ್ನ 62 ಅಂದರೆ ಸುಮಾರು 7.8. ಇಳಿಸಬೇಕು, ಆದರೆ ರಾತ್ರಿ ನಿದ್ದೆಗೆಡುವಂಥದ್ದಲ್ಲ. ಬೆರಳು ಚುಚ್ಚಿ ನೋಡುವ ಮೀಟರಿನಲ್ಲೂ ಹಾಗೇ, ಇಲ್ಲಿನ ಸಂಖ್ಯೆಯನ್ನು 18ರಿಂದ ಗುಣಿಸಿದರೆ ಊರಿನ ಸಂಖ್ಯೆ ಸಿಗುತ್ತದೆ. 7 ಅಂದರೆ 126. 4 ಅಂದರೆ 72. ಈ 4 ಅನ್ನೋದನ್ನು ಗಟ್ಟಿಯಾಗಿ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ, ಹೊಸಬರಿಗೆ ಯಾರೂ ಹೇಳೋದಿಲ್ಲ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಯ ಒಂದೊಂದು ಔಷಧಿಗೂ 9.90 ಪೌಂಡ್ ಕೊಡಬೇಕು. ಆದರೆ ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವಿನಾಯಿತಿ ಪತ್ರ ಸಿಗುತ್ತದೆ, ಅದಿದ್ದರೆ ಶುಗರ್ ಮಾತ್ರೆಯಷ್ಟೇ ಅಲ್ಲ, ಚೀಟಿಯಲ್ಲಿ ಬರೆದ ಎಲ್ಲ ಔಷಧಿಯೂ ಉಚಿತ, ಸಾಮಾನ್ಯವಾಗಿ 5 ವರ್ಷದವರೆಗೆ. ಜಿಪಿ (ಇಲ್ಲಿನ ಮನೆ ಡಾಕ್ಟರ್) ಹತ್ತಿರ ನೀನೇ ಬಾಯಿಬಿಟ್ಟು ಕೇಳು. ವೀಸಾ ಜೊತೆ ಆರೋಗ್ಯದ ಶುಲ್ಕ ಅಂತ ಅಷ್ಟು ಹಣ ಕಟ್ಟಿ ಬಂದಿದ್ದೀಯ ಅಲ್ವಾ, ಸಂಕೋಚ ಯಾಕೆ? ವರ್ಷಕ್ಕೊಮ್ಮೆ ಪಾದ, ಮೂತ್ರ, ಬಿಪಿ ನೋಡುತ್ತಾರೆ, ಕಣ್ಣಿನ ಪರೀಕ್ಷೆಗೆ ಬೇರೆಯಾಗಿ ಪತ್ರ ಬರುತ್ತದೆ. ಯಾವುದನ್ನೂ ತಪ್ಪಿಸಬೇಡ.

ಈಗ ವಸಂತ. ನನ್ನ ಮಟ್ಟಿಗೆ ಶುಗರ್ ಇದ್ದವರಿಗೆ ಈ ದೇಶದಲ್ಲಿ ಇದಕ್ಕಿಂತ ಒಳ್ಳೆ ಕಾಲ ಇನ್ನೊಂದಿಲ್ಲ. ಊರಲ್ಲಿ ಏಪ್ರಿಲ್ ಅಂದರೆ ಬಿಸಿಲಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ತಿಂಗಳು, ಇಲ್ಲಿ ಅದು ಬಾಗಿಲು ತೆಗೆಯುವ ತಿಂಗಳು. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಏಪ್ರಿಲ್ ಮಧ್ಯಕ್ಕೆ ಸಂಜೆ 8ರವರೆಗೆ ಬೆಳಕು, ಮೇ ಕೊನೆಗೆ 9 ದಾಟುತ್ತದೆ. ಅಂದರೆ ರಾತ್ರಿ ಊಟ ಮುಗಿಸಿದ ಮೇಲೂ ಬೆಳಕಲ್ಲೇ ನಡೆಯಬಹುದು. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸಾಕು, ಏರುವ ಶುಗರನ್ನು ಕಾಲಿನ ಸ್ನಾಯುಗಳೇ ಬಳಸಿಕೊಳ್ಳುತ್ತವೆ. ಬೇಕಿದ್ದರೆ ಊಟವಾದ ಎರಡು ಗಂಟೆಗೆ ಮೀಟರ್ ಹಿಡಿದು ನೋಡು, ಒಂದು ದಿನ ನಡೆದು, ಇನ್ನೊಂದು ದಿನ ಅದೇ ಊಟ ಮಾಡಿ ಕೂತು. ವ್ಯತ್ಯಾಸ ನಿನಗೇ ಕಾಣುತ್ತದೆ.

ತಿನ್ನೋದರ ಬಗ್ಗೆ. ನೀನಿರುವ ಜಾಗ ಸಾಮಾನ್ಯದ್ದಲ್ಲ. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ನಡುವಿನ ಸುಮಾರು 9 ಚದರ ಮೈಲಿ ರೂಬಾರ್ಬ್ ಅನ್ನುವ ಹುಳಿ ದಂಟಿಗೆ ಹೆಸರುವಾಸಿ, ನಿನ್ನ ಮನೆಯಿಂದ ಬಸ್ಸಿನ ದೂರ. ಚಳಿಗಾಲದಲ್ಲಿ ಬೇರನ್ನು ಕಿತ್ತು ಕತ್ತಲೆ ಶೆಡ್ಡಿನಲ್ಲಿಟ್ಟು ಬೆಳೆಸುತ್ತಾರೆ, ಮೇಣದ ಬತ್ತಿ ಬೆಳಕಲ್ಲಿ ಕೀಳುತ್ತಾರೆ. ಆ ಎಳೆ ಗುಲಾಬಿ ದಂಟು ಜನವರಿಯಿಂದ ಮಾರ್ಚ್‌ವರೆಗೆ ಬರುತ್ತದೆ, ಏಪ್ರಿಲ್‌ನಿಂದ ಬಯಲಿನಲ್ಲಿ ಬೆಳೆದದ್ದು ಶುರು. ಇಲ್ಲಿಯವರು ಇದಕ್ಕೆ ಕೈತುಂಬ ಸಕ್ಕರೆ ಹಾಕಿ ಕ್ರಂಬಲ್ ಅನ್ನುವ ಸಿಹಿತಿಂಡಿ ಮಾಡಿ ಕಸ್ಟರ್ಡ್ ಸುರಿದು ತಿನ್ನುತ್ತಾರೆ, ಅದು ನಮಗೆ ಒಂದೆರಡು ಚಮಚಕ್ಕೇ ಸಾಕು. ಆದರೆ ದಂಟಿನಲ್ಲಿ ತನ್ನದೇ ಸಕ್ಕರೆ ತೀರಾ ಕಡಿಮೆ, ಹುಳಿ ಮಾತ್ರ ಮಾವಿನಕಾಯಿಯಷ್ಟು! ತೊಕ್ಕು ಮಾಡು. ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಾಸಿವೆ, ಇಂಗು, ಅರಿಶಿನ ಹಾಕಿ ಬಾಡಿಸಿದರೆ ಹತ್ತು ನಿಮಿಷಕ್ಕೆ ತಾನೇ ಕರಗುತ್ತದೆ, ಆಮೇಲೆ ಉಪ್ಪು, ಖಾರದ ಪುಡಿ, ಹುರಿದ ಮೆಂತ್ಯದ ಪುಡಿ. ಬೆಲ್ಲ ಹಾಕಲೇಬೇಡ, ಬೆಲ್ಲವೂ ಸಕ್ಕರೆಯೇ. ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದು ಆಮೇಲೆ ನನಗೆ ಬರಿ. ತೊಗರಿಬೇಳೆ ಸಾರಿಗೆ ಹುಣಸೆಹಣ್ಣಿನ ಬದಲು ಎರಡು ತುಂಡು ಹಾಕಿದರೂ ಚೆನ್ನಾಗಿರುತ್ತದೆ. ಎರಡು ಎಚ್ಚರಿಕೆ: ಎಲೆ ವಿಷ, ದಂಟು ಮಾತ್ರ ತಿನ್ನಬೇಕು. ಕಿಡ್ನಿ ಕಲ್ಲು ಆಗಿದ್ದವರು ಡಾಕ್ಟರನ್ನು ಕೇಳದೆ ತಿನ್ನಬಾರದು, ಅದರಲ್ಲಿ ಕಲ್ಲಾಗಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ.

ಮಾರ್ಚ್‌ನಿಂದ ಮೇವರೆಗೆ ನೆರಳಿರುವ ಕಾಡಿನಲ್ಲಿ, ಹಳ್ಳದ ಪಕ್ಕದಲ್ಲಿ ಕಾಡು ಬೆಳ್ಳುಳ್ಳಿ ಹಾಸಿಕೊಂಡು ಬೆಳೆಯುತ್ತದೆ. ದಾರಿಯಲ್ಲಿ ಹೋಗುವಾಗಲೇ ಮೂಗಿಗೆ ಬಡಿಯುತ್ತದೆ. ನಾನು ಸಾಗರದ ಕಡೆಯವಳು, ನನಗೆ ಅದನ್ನು ನೋಡಿದ ತಕ್ಷಣ ನೆನಪಾಗೋದು ತಂಬುಳಿ. ನಾಲ್ಕೈದು ಎಲೆ, ಜೀರಿಗೆ, ಎರಡು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಸ್ವಲ್ಪ ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಶುಗರ್ ಮೀಟರಿಗೆ ಗೊತ್ತೇ ಆಗೋದಿಲ್ಲ. ಆದರೆ ಗೊತ್ತಿಲ್ಲದೆ ಕೀಳಬೇಡ. ಅದರ ಜೊತೆಗೇ ಬೆಳೆಯುವ ಲಾರ್ಡ್ಸ್ ಅಂಡ್ ಲೇಡೀಸ್ ಅನ್ನುವ ಗಿಡವೂ, ಲಿಲಿ ಆಫ್ ದಿ ವ್ಯಾಲಿಯ ಎಲೆಯೂ ವಿಷ. ಮೊದಲ ಸಲ ಗೊತ್ತಿರುವವರ ಜೊತೆ ಹೋಗು, ಒಂದೊಂದೇ ಎಲೆ ಕಿತ್ತು ಉಜ್ಜಿ ಮೂಸು, ಮತ್ತೆ ಕೈಗೆ ವಾಸನೆ ಹತ್ತಿದ ಮೇಲೆ ಮೂಗನ್ನು ನಂಬಬೇಡ, ಎಲೆಯ ಆಕಾರವನ್ನೂ ನೋಡು. ಬೇರು ಸಮೇತ ಕೀಳುವಂತಿಲ್ಲ, ಜಾಗದ ಒಡೆಯರ ಒಪ್ಪಿಗೆಯಿಲ್ಲದೆ ಕಿತ್ತರೆ ಕಾನೂನಿಗೆ ವಿರುದ್ಧ.

ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಿಂದ ಶುರುವಾಗಿ ಜೂನ್ 21ರ ಹೊತ್ತಿಗೆ ಮುಗಿಯುವ ಆಸ್ಪರಾಗಸ್ ಅನ್ನುವ ಎಳೆ ದಂಟಿನ ತರಕಾರಿ ಬಿಡಬೇಡ, ಬೀನ್ಸ್ ಪಲ್ಯ ಮಾಡುವ ಹಾಗೇ ಒಗ್ಗರಣೆ ಹಾಕಿ ಕಾಯಿ ಉದುರಿಸು, ಐದೇ ನಿಮಿಷ ಬೇಯಿಸು. ಸ್ಪ್ರಿಂಗ್ ಗ್ರೀನ್ಸ್ ಅಂತ ಸಿಗುವ ಸೊಪ್ಪು ಅಗ್ಗ, ಕರ್ಕ್‌ಗೇಟ್ ಮಾರ್ಕೆಟಿನಲ್ಲಿ ನೋಡು. ಇದನ್ನು ಬೇಳೆ ಜೊತೆ ಬೇಯಿಸಿ ತಟ್ಟೆಯ ಅರ್ಧ ತುಂಬಿಸಿಕೋ, ಉಳಿದ ಅರ್ಧದಲ್ಲಿ ರೊಟ್ಟಿಯೋ ಅನ್ನವೋ, ಕಾಳು ಅಥವಾ ಮೊಟ್ಟೆಯೋ. ಜರ್ಸಿ ರಾಯಲ್ ಅನ್ನುವ ಎಳೆ ಆಲೂಗಡ್ಡೆಯೂ ಈಗಲೇ ಬರುತ್ತದೆ, ರುಚಿ ಬಹಳ. ಮೂರು ನಾಲ್ಕು ಸಣ್ಣವು ತಿನ್ನು, ಆದರೆ ಆವತ್ತು ಅನ್ನದ ಬದಲಿಗೆ ಅಂತ ಲೆಕ್ಕ, ಅನ್ನದ ಜೊತೆ ಪಲ್ಯ ಅಂತಲ್ಲ.

ಹಣ್ಣು. ಸ್ಟ್ರಾಬೆರಿ ಧೈರ್ಯವಾಗಿ ತಿನ್ನು, ಏಳು ಹಣ್ಣಿನಲ್ಲಿ ಸುಮಾರು 5 ಗ್ರಾಂ ಸಕ್ಕರೆ ಅಷ್ಟೇ. ಕಷ್ಟ ಬರೋದು ಏಪ್ರಿಲ್ ಮೇ ಹೊತ್ತಿಗೆ ನಮ್ಮ ಅಂಗಡಿಗಳಿಗೆ ಆಪೂಸಿನ ಡಬ್ಬಿ ಬಂದಾಗ. ಹೇರ್‌ಹಿಲ್ಸ್ ಕಡೆಯ ಅಂಗಡಿಗಳಲ್ಲಿ ಬಾಗಿಲಲ್ಲೇ ಜೋಡಿಸಿಟ್ಟಿರುತ್ತಾರೆ, ವಾಸನೆಗೇ ಊರಿಗೆ ಹೋದ ಹಾಗಾಗುತ್ತದೆ. ಮಾವಿನಹಣ್ಣನ್ನು ಬಿಟ್ಟು ಬದುಕು ಅಂತ ನಾನು ಯಾರಿಗೂ ಹೇಳೋದಿಲ್ಲ. 80 ಗ್ರಾಂ, ಅಂದರೆ ಎರಡು ಹೋಳಿನಷ್ಟು, ಅದರಲ್ಲಿ ಸುಮಾರು 11 ಗ್ರಾಂ ಸಕ್ಕರೆ. ಡಬ್ಬಿಯನ್ನು ಇನ್ನೊಂದು ಮನೆಯವರ ಜೊತೆ ಹಂಚಿಕೋ, ಹೋಳಾಗಿ ತಿನ್ನು, ಸೀಕರಣೆ ಬೇಡ, ಜ್ಯೂಸ್ ಅಂತೂ ಬೇಡವೇ ಬೇಡ, ತಿಂದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಡು. ಮತ್ತೆ ಹಣ್ಣು ಹೆಚ್ಚಿದ ಕೈಯಲ್ಲಿ ಶುಗರ್ ನೋಡಬೇಡ, ಬೆರಳಿನ ರಸವೇ ಸುಳ್ಳು ಸಂಖ್ಯೆ ತೋರಿಸುತ್ತದೆ, ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ ಆಮೇಲೆ ಚುಚ್ಚು. ಯುಗಾದಿ ಹೋಳಿಗೆಗೂ ಇದೇ ಮಾತು. ಒಂದು ತಿನ್ನು, ಆವತ್ತಿನ ಅನ್ನ ಬಿಡು, ಬೇವು ಬೆಲ್ಲದ ಬೆಲ್ಲಕ್ಕೆ ತಲೆ ಕೆಡಿಸಿಕೊಳ್ಳಬೇಡ.

ನಡಿಗೆಗೆ ರೌಂಡ್‌ಹೇ ಪಾರ್ಕಿನಿಂದ ಶುರು ಮಾಡು. 700 ಎಕರೆ, ವಾಟರ್‌ಲೂ ಕೆರೆ ಸುತ್ತ ಒಳ್ಳೆ ದಾರಿ, ಜನ ಇರುತ್ತಾರೆ, ಕಾಫಿ ಸಿಗುತ್ತದೆ, ಒಂಟಿ ಅಂತ ಭಯವಿಲ್ಲ. ಮಂಡಿ ನೋವಿದ್ದರೆ ಕಾಲುವೆ ಪಕ್ಕದ ದಾರಿ ಹಿಡಿ, ಲೀಡ್ಸ್ ಲಿವರ್‌ಪೂಲ್ ಕಾಲುವೆ 127 ಮೈಲಿ ಉದ್ದ, ಕರ್ಕ್‌ಸ್ಟಾಲ್ ಕಡೆ ಬಹುತೇಕ ಸಮತಟ್ಟು. ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಒಮ್ಮೆ ಇಲ್ಕ್ಲಿ ರೈಲು ಹತ್ತಿ ಮಿಡಲ್ಟನ್ ಕಾಡಿಗೆ ಹೋಗು, ಮರಗಳ ಕೆಳಗೆ ನೆಲವೆಲ್ಲ ಬ್ಲೂಬೆಲ್ ಹೂವು, ನೀಲಿ ಅಂದರೆ ನೀಲಿ. ದಾರಿ ಬಿಟ್ಟು ತುಳಿಯಬೇಡ, ತುಳಿದರೆ ಚೇತರಿಸಿಕೊಳ್ಳಲು ವರ್ಷಗಳು ಬೇಕು. ಹೊಲಗಳ ನಡುವೆ ಹಳದಿ ಬಾಣದ ಗುರುತು ಕಂಡರೆ ಅದು ಸಾರ್ವಜನಿಕರು ನಡೆಯುವ ಹಕ್ಕಿನ ದಾರಿ, ಯಾರದೋ ಜಮೀನು ಅಂತ ಅಳುಕಬೇಡ. ಶನಿವಾರ ಬೆಳಿಗ್ಗೆ 9ಕ್ಕೆ ರೌಂಡ್‌ಹೇಯಲ್ಲೂ ವುಡ್‌ಹೌಸ್ ಮೂರ್‌ನಲ್ಲೂ ಪಾರ್ಕ್‌ರನ್ ಇರುತ್ತದೆ. 5 ಕಿಲೋಮೀಟರ್, ಉಚಿತ, ಓಡಲೇಬೇಕು ಅಂತಿಲ್ಲ, ಕೊನೆಯವರ ಹಿಂದೆಯೂ ಸ್ವಯಂಸೇವಕರೊಬ್ಬರು ನಡೆದು ಬರುತ್ತಾರೆ. ಹೊಸ ಊರಲ್ಲಿ ನಾಲ್ಕು ಮುಖ ಪರಿಚಯವಾಗಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಈಗ ನಿನ್ನ ಭಯ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಒಂದೇ ಆಗಿದ್ದರೆ ಶುಗರ್ ತೀರಾ ಕೆಳಗೆ ಬೀಳೋದು ಅಪರೂಪ. ನೀನು ಊರಿನಿಂದ ತಂದ ಮಾತ್ರೆಯಲ್ಲಿ ಗ್ಲಿಮೆಪಿರೈಡ್ ಕೂಡ ಸೇರಿದೆ ಅಂದಿದ್ದೀಯ, ಇಲ್ಲಿ ಅದೇ ಜಾತಿಯ ಗ್ಲಿಕ್ಲಜೈಡ್ ಜಾಸ್ತಿ ಕೊಡುತ್ತಾರೆ. ಈ ಜಾತಿಯ ಮಾತ್ರೆ ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಳಿಯುವ ಭಯ ನಿಜವೇ. ಹಾಗಾಗಿ ಉದ್ದದ ನಡಿಗೆ ಶುರು ಮಾಡುವ ಮೊದಲು ಡಯಾಬಿಟಿಸ್ ನರ್ಸ್ ಹತ್ತಿರ ಹೇಳು, ಪ್ರಮಾಣ ಬದಲಿಸಬೇಕಾ ಅಂತ ಅವರೇ ನೋಡುತ್ತಾರೆ, ನೀನಾಗಿ ಮಾತ್ರೆ ಬಿಡಬೇಡ. ಜೇಬಿನಲ್ಲಿ ಯಾವಾಗಲೂ ಗ್ಲೂಕೋಸ್ ಮಾತ್ರೆಯೋ ಜೆಲ್ಲಿ ಬೇಬಿ ಅನ್ನುವ ಸಕ್ಕರೆ ಮಿಠಾಯಿಯ ಪೊಟ್ಟಣವೋ ಇರಲಿ. ಕೈ ನಡುಕ, ಬೆವರು, ತಲೆ ಹಗುರಾದ ಹಾಗೆ, ಸುಮ್ನೆ ಸಿಟ್ಟು ಬಂದ ಹಾಗೆ ಅನ್ನಿಸಿದರೆ ನಿಂತುಬಿಡು. ಮೀಟರಿನಲ್ಲಿ 4ಕ್ಕಿಂತ ಕೆಳಗಿದ್ದರೆ ನಾಲ್ಕು ಜೆಲ್ಲಿ ಬೇಬಿ ಅಥವಾ ಸಣ್ಣ ಡಬ್ಬಿ ಹಣ್ಣಿನ ರಸ, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಇನ್ನೊಮ್ಮೆ. ಈಸ್ಟರಿನ ಚಾಕೊಲೇಟ್ ಈ ಕೆಲಸಕ್ಕೆ ಬರೋದಿಲ್ಲ, ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ.

ತೋಟದ ಕೆಲಸವನ್ನೂ ವ್ಯಾಯಾಮ ಅಂತಲೇ ಲೆಕ್ಕ ಹಾಕು. ಮಣ್ಣು ಅಗೆಯೋದು ನಡಿಗೆಗಿಂತ ಜಾಸ್ತಿ ಎಳೆಯುತ್ತದೆ, ಅದರ ಪರಿಣಾಮ ಕೆಲವು ಗಂಟೆ ಬಿಟ್ಟು, ರಾತ್ರಿಯೂ ಕಾಣಬಹುದು, ಅಂಥ ದಿನ ಮಲಗುವ ಮೊದಲು ಒಮ್ಮೆ ಶುಗರ್ ನೋಡು. ಬರಿಗಾಲಲ್ಲಿ ಹುಲ್ಲಿನ ಮೇಲೆ ಓಡಾಡಬೇಡ ತಂಗಿ, ಊರಿನ ಅಭ್ಯಾಸ ಅಂತ ನನಗೂ ಗೊತ್ತು, ಆದರೂ ಬೇಡ. ಶುಗರ್ ಹಳೆಯದಾದ ಹಾಗೆ ಪಾದಕ್ಕೆ ನೋವು ತಿಳಿಯೋದು ಕಡಿಮೆಯಾಗಬಹುದು, ಸಣ್ಣ ಮುಳ್ಳೂ ದೊಡ್ಡ ಗಾಯವಾಗುತ್ತದೆ. ಬೂಟು ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು ಮುಳ್ಳು ಇದೆಯಾ ನೋಡು, ದಪ್ಪ ಕಾಲುಚೀಲ, ಗ್ಲೌಸ್, ಸಂಜೆ ಕಾಲು ತೊಳೆದು ಬೆರಳ ಸಂದಿಯನ್ನೂ ನೋಡು.

ಹಿತ್ತಲು ಚಿಕ್ಕದು ಅಂದೆಯಲ್ಲ, ಕುಂಡ ಸಾಕು. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ ಅಗಲದ ಕುಂಡದಲ್ಲಿ ಉದುರಿಸು, ಏಪ್ರಿಲ್‌ನಿಂದ ಹೊರಗೇ ಬರುತ್ತದೆ, ತಿಂಗಳು ದಾಟುವ ಹೊತ್ತಿಗೆ ಸೊಪ್ಪು. ಮೆಣಸಿನಕಾಯಿ, ಬದನೆ, ಬೀನ್ಸ್ ಸಸಿಯನ್ನು ಮೇ ಕೊನೆಯವರೆಗೆ ಕಿಟಕಿ ಹತ್ತಿರ ಒಳಗೇ ಇಟ್ಟುಕೋ, ಲೀಡ್ಸಿನಲ್ಲಿ ಮೇ ಮಧ್ಯದಲ್ಲೂ ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದು, ಒಂದೇ ರಾತ್ರಿಗೆ ಎಲ್ಲ ಕಪ್ಪಾಗುತ್ತದೆ. ಜಾಗ ಬೇಕು ಅನ್ನಿಸಿದರೆ ಕೌನ್ಸಿಲ್ ಬಾಡಿಗೆಗೆ ಕೊಡುವ ತೋಟದ ತುಂಡು, ಅಂದರೆ ಅಲಾಟ್‌ಮೆಂಟಿಗೆ ಈಗಲೇ ಹೆಸರು ಬರೆಸು, ಪೂರ್ತಿ ತುಂಡು ಅಂದರೆ ಸುಮಾರು 250 ಚದರ ಮೀಟರ್, ಅರ್ಧ ತುಂಡೂ ಕೊಡುತ್ತಾರೆ, ಸರದಿ ಮಾತ್ರ ಉದ್ದ. ಅಲ್ಲಿನ ಅಜ್ಜಂದಿರು ಕೇಳಿದ್ದಕ್ಕೆಲ್ಲ ಹೇಳಿಕೊಡುತ್ತಾರೆ, ಕೇಳದೆಯೂ ರೂಬಾರ್ಬಿನ ಬೇರು ತಂದುಕೊಡುತ್ತಾರೆ.

ಮೆಂತ್ಯದ ಜೊತೆಗೆ ಬ್ರಾಡ್ ಬೀನ್ಸ್ ಕೂಡ ಹಾಕು, ಚಳಿಗೆ ಹೆದರದ ಕಾಳು ಅದು, ಮಾರ್ಚ್ ಏಪ್ರಿಲ್‌ನಲ್ಲಿ ನೆಲಕ್ಕೇ ಊರಬಹುದು. ಜೂನ್ ಜುಲೈನಲ್ಲಿ ಕಾಯಿ ಬಿಡುತ್ತದೆ. ಕಾಳು ಬಿಡಿಸಿ, ಬಿಸಿನೀರಿಗೆ ಹಾಕಿ ತೆಗೆದು ಅವರೆಕಾಳಿನ ಹಾಗೆ ಹಿಚುಕಿದರೆ ಹಸಿರು ಬೇಳೆ ಹೊರಗೆ ಬರುತ್ತದೆ, ಹಿತಕಬೇಳೆ ಸಾರಿಗೆ ಏನೂ ಕೊರತೆಯಿಲ್ಲ. ನಾರು, ಪ್ರೋಟೀನು ಎರಡೂ ಚೆನ್ನಾಗಿರುವ ಕಾಳು, ಶುಗರ್ ನಿಧಾನಕ್ಕೆ ಏರುತ್ತದೆ. ಬೀಜ ನನ್ನ ಹತ್ತಿರ ಉಳಿದಿದೆ. ವಿಳಾಸ ಖಾಸಗಿಯಾಗಿ ಕಳಿಸು, ಈ ವಾರವೇ ಅಂಚೆಗೆ ಹಾಕುತ್ತೇನೆ, ನರ್ಸ್ ಹತ್ತಿರ ಗ್ಲಿಮೆಪಿರೈಡ್ ವಿಷಯ ಮಾತಾಡಿ ಏನಂದರು ಅಂತಲೂ ಅದರಲ್ಲೇ ಬರಿ.