ಮಳೆಗಾಲದಲ್ಲಿ ಕ್ಯಾಂಪರ್ ವ್ಯಾನಿನ ಟಾಪ್ ಸೋರಿ ಬೂಷ್ಟು ಹಿಡಿದರೆ ಏನು ಮಾಡುವುದು?

ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತಿದೆ, ಅದರ ನೇರ ಮೇಲೆ ಎರಡು ಸಲ ಸಿಲಿಕೋನ್ ಹಚ್ಚಿದರೂ ನಿಲ್ಲುತ್ತಿಲ್ಲ, ಈಗ ಬೂಷ್ಟು ಬೇರೆ ಅಂತ ಕೇಳಿದ್ದೀರಿ. ನಾನು ಕಾರವಾರದವನು. ಹಳೇ ವ್ಯಾನೊಂದನ್ನು ಕ್ಯಾಂಪರ್ (ಒಳಗೇ ಮಲಗುವ, ಅಡುಗೆ ಮಾಡುವ ಗಾಡಿ) ಮಾಡಿಸಿಕೊಂಡು, ಮೊದಲ ಮಳೆಗಾಲದಲ್ಲೇ ಇದಿಷ್ಟೂ ಅನುಭವಿಸಿದ್ದೇನೆ. ಮೊದಲು ಆ ಸಿಲಿಕೋನ್ ಟ್ಯೂಬ್ ಪಕ್ಕಕ್ಕಿಡಿ.

ನೀರು ಬೀಳುವ ಜಾಗವೇ ತೂತಿನ ಜಾಗ ಅಲ್ಲ. ಟಾಪ್‌ಗೂ ಒಳಗಿನ ಪ್ಲೈವುಡ್‌ಗೂ ನಡುವೆ ಕಬ್ಬಿಣದ ಪಟ್ಟಿಗಳಿರುತ್ತವೆ. ಒಳಗಿಳಿದ ನೀರು ಅವುಗಳ ಮೇಲೆ ಹರಿದು, ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಬೀಳುತ್ತದೆ. ನನಗೆ ತಲೆದಿಂಬಿನ ಮೇಲೆ ಬೀಳುತ್ತಿತ್ತು. ಒಂದು ದಿನ ಅಂಗಳದಲ್ಲಿ ಗಾಡಿ ತಿರುಗಿಸಿ ನಿಲ್ಲಿಸಿದೆ, ನೋಡಿದರೆ ಒಲೆಯ ಹತ್ತಿರ ಬೀಳುತ್ತಿದೆ! ನಮ್ಮ ಅಂಗಳ ಗಟಾರದ ಕಡೆ ಸ್ವಲ್ಪ ಇಳಿಜಾರು. ತೂತು ಒಂದೇ, ನೀರು ಹರಿಯುವ ದಿಕ್ಕು ಮಾತ್ರ ಬದಲಾಗಿತ್ತು.

ಹುಡುಕುವುದು ಹೀಗೆ. ಒಳಗಿನ ಮೇಲ್ಗಡೆಯ ಪ್ಲೈವುಡ್ ಬಿಚ್ಚಿ. ವೈರಿಂಗ್ ಅಲ್ಲೇ ಹೋಗಿದ್ದರೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ. ಮಳೆ ಹೊಳವಾದಾಗ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಲ್ಲಿ ನೀರು ಬಿಡಲಿ. ತಗ್ಗಿನ ಕಡೆಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಒಂದೊಂದು ಜಾಗಕ್ಕೆ ಐದು ನಿಮಿಷವಾದರೂ ಕೊಡಿ. ಒಮ್ಮೆಗೇ ಎಲ್ಲ ಕಡೆ ಸುರಿದರೆ ಏನೂ ಗೊತ್ತಾಗುವುದಿಲ್ಲ. ನನಗೆ ಸಿಕ್ಕಿದ್ದು ಸೋಲಾರ್ ಪ್ಯಾನೆಲ್ಲಿನ ಒಂದು ಸ್ಕ್ರೂ, ದಿಂಬಿನಿಂದ ನಾಲ್ಕು ಅಡಿ ಮುಂದೆ. ಕೂರಿಸಿದವರು ಸಾದಾ ಕಬ್ಬಿಣದ ಸ್ಕ್ರೂ ಹೊಡೆದಿದ್ದರು, ತೂತಿನ ಅಂಚಿಗೆ ಪ್ರೈಮರ್ ಕೂಡ ಇರಲಿಲ್ಲ. ಸಮುದ್ರದ ಗಾಳಿಗೆ ಅದು ಎಷ್ಟು ತಿಂದುಹೋಗಿತ್ತೆಂದರೆ, ಬೆರಳಲ್ಲಿ ತಿರುಗಿಸಿದರೆ ಹೊರಗೆ ಬಂತು.

ಸಿಲಿಕೋನ್ ಯಾಕೆ ಬೇಡ ಅಂದರೆ, ಒಮ್ಮೆ ಒಣಗಿದ ಮೇಲೆ ಅದರ ಮೇಲೆ ಬೇರೇನೂ ಸರಿಯಾಗಿ ಅಂಟುವುದಿಲ್ಲ, ಹೊಸ ಸಿಲಿಕೋನ್ ಕೂಡ. ಹುಳಿ ವಾಸನೆ ಬರುವ ಜಾತಿಯದಾದರೆ ಕಬ್ಬಿಣಕ್ಕೆ ತುಕ್ಕನ್ನೂ ಹಿಡಿಸುತ್ತದೆ. ಪೂರ್ತಿ ಕೆರೆದು ತೆಗೆಯಿರಿ, ಬೇಸರದ ಕೆಲಸ. ಆಮೇಲೆ ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕೆಳಗೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ), ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ಸೀಲಂಟ್. ಕಾರಿನ ಗಾಜು ಕೂರಿಸುವವರ ಹತ್ತಿರ ಪಿಯು ಇರುತ್ತದೆ, ಕೇಳಿ ನೋಡಿ.

ಆದರೆ ಈ ರಿಪೇರಿಯನ್ನು ಈಗ, ಮಳೆಗಾಲದಲ್ಲಿ ಮಾಡಬೇಡಿ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರಲ್ಲಿ ಆರಿದ್ರಾ, ಪುನರ್ವಸು ಮಳೆಯ ನಡುವೆ ಲೋಹ ಒಣಗುವುದೆಲ್ಲಿ? ಒದ್ದೆಯ ಮೇಲೆ ಹಚ್ಚಿದ್ದು ಹಪ್ಪಳದ ಹಾಗೆ ಎದ್ದು ಬರುತ್ತದೆ. ಸದ್ಯಕ್ಕೆ ಗಾಡಿಯನ್ನು ತಗಡಿನ ಮಾಡಿನ ಕೆಳಗೆ ನಿಲ್ಲಿಸಿ. ತಾಡಪತ್ರೆಯೇ ಗತಿ ಅಂದರೆ ಮೈಗೆ ಅಂಟಿಸಿ ಬಿಗಿಯಬೇಡಿ, ನಾಲ್ಕು ಕಂಬ ನೆಟ್ಟು ಎತ್ತರದಲ್ಲಿ ಕಟ್ಟಿ. ಸಿರ್ಸಿ ಕಡೆ ಮಳೆ ಹೊಡೆಯದಂತೆ ಗೋಡೆಗೆ ಅಡಿಕೆ ಸೋಗೆಯ ತಡಿಕೆ ಕಟ್ಟುತ್ತಾರಲ್ಲ, ಹಾಗೆ ನಡುವೆ ಗಾಳಿ ಆಡಬೇಕು. ಪಕ್ಕಾ ರಿಪೇರಿ ದೀಪಾವಳಿ ಕಳೆದ ಮೇಲೆ.

ಇನ್ನು ಬೂಷ್ಟು. ಹೊರದೇಶದ ವಿಡಿಯೋಗಳಲ್ಲಿ ಕಿಟಕಿ ತೆರೆದಿಡಿ ಅನ್ನುತ್ತಾರೆ. ನಮ್ಮ ಜುಲೈ ತಿಂಗಳ ಗಾಳಿಗೆ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ ಅಷ್ಟೆ. ಗಾಡಿ ನಿಂತಿದ್ದಾಗ ಕಿಟಕಿ ಮುಚ್ಚಿ, ಮನೆಯ ಕರೆಂಟಿನಲ್ಲಿ ಸಣ್ಣ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಓಡಿಸಿ, ಗಾಳಿಯ ತೇವಾಂಶ ಶೇ. 60ರ ಕೆಳಗೆ ಬರಲಿ. ಒಳಗೆ ಅಡುಗೆ ಮಾಡುವಾಗ ಮಾತ್ರ ಕಿಟಕಿ, ಫ್ಯಾನ್ ಎರಡೂ ಬೇಕೇ ಬೇಕು. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಡುತ್ತದೆ. ಅದೆಲ್ಲ ಎಲ್ಲಿಗೆ ಹೋಗಬೇಕು, ಹೇಳಿ?

ಪೇಂಟ್ ಮಾಡಿದ ತಗಡು, ಪ್ಲಾಸ್ಟಿಕ್ ಮೇಲಿನ ಬೂಷ್ಟಿಗೆ ಬಿಳಿ ವಿನೆಗರ್ ಸಿಂಪಡಿಸಿ, ಒಂದು ಗಂಟೆ ಬಿಟ್ಟು ಒರೆಸಿ. ಮಾಸ್ಕ್ ಹಾಕಿಕೊಳ್ಳಿ. ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಪ್ಲೈವುಡ್‌ಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಆ ತುಂಡನ್ನು ಕತ್ತರಿಸಿ ಎಸೆಯುವುದೇ ಸರಿ. ಮಂಚದ ಹಲಗೆ ಇಡಿಯಾಗಿದ್ದರೆ ತೆಗೆದು ಪಟ್ಟಿ ಹೊಡೆಸಿ, ಹಾಸಿಗೆಯ ಅಡಿಗೆ ಗಾಳಿ ಆಡಲಿ.

ಹಾಸಿಗೆಯನ್ನು ಉಳಿಸಿಕೊಳ್ಳಲು ಮಾತ್ರ ಹೋಗಬೇಡಿ. ನಾನು ಫೋಮ್ ಹಾಸಿಗೆಯನ್ನು ತೊಳೆದು, ಹೊಳವಾದಾಗೆಲ್ಲ ಹೊತ್ತು ಹೊರಗೆ ಹಾಕಿ, ಹನಿ ಬಿದ್ದ ಕೂಡಲೇ ಒಳಗೆ ಎಳೆದು, ಒಂದು ವಾರ ಒದ್ದಾಡಿದೆ. ಮುಗ್ಗಲು ವಾಸನೆ ಹೋಗಲಿಲ್ಲ. ಕೊನೆಗೆ ನಾಯಿಗೆ ಹಾಸಿಕೊಟ್ಟೆ, ಅದು ಮೂಸಿ ನೋಡಿ ಗೋಣಿಚೀಲಕ್ಕೇ ವಾಪಸ್ ಹೋಯಿತು.